ಕೂಡ್ರಿಸುವ ಅಮಾತೆಪ್ಪ

ನಮ್ಮಪ್ಪನಿಗೆ ಒಂದು ಕೆಟ್ಟ ಚಾಳಿ ಇತ್ತು. ವಯಸ್ಸಾದವರು ಯಾರೇ ಮನೆಗೆ ಬರಲಿ, ಅವರ ಮುಖ ನೋಡುವ ಮೊದಲು ಮೊಣಕಾಲು ನೋಡುತ್ತಿದ್ದ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೋ, ಒಂದು ಕಾಲು ಚಾಚಿದರೋ, ಏಳುವಾಗ ಕೈ ಊರಿದರೋ, ಎಲ್ಲ ಲಕ್ಷ್ಯದಲ್ಲಿಡುತ್ತಿದ್ದ. ಅವರು ಚಹಾ ಕುಡಿದು ಹೊಸ್ತಿಲು ದಾಟಿದರೋ ಇಲ್ಲವೋ, ನನ್ನ ಕಡೆ ತಿರುಗಿ, "ಇವರದೇನ ತ್ರಾಸಿಲ್ಲ ಬಿಡವಾ, ಬೆಣ್ಣಿಯಂಗ ಮಡಚತಾವ" ಎನ್ನುತ್ತಿದ್ದ. ಮತ್ತೊಬ್ಬರು ಹೋದರೆ, "ಇವರು ನನ್ನ ಕಾಡತಾರ ನೋಡು" ಎನ್ನುತ್ತಿದ್ದ. ಜೀವಂತ ಮನುಷ್ಯರ ಬೆನ್ನ ಹಿಂದೆ ಇಂಥ ಮಾತು ಆಡುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕನ್ನಡ ಸಾಲಿಯ ಅಕ್ಕೋರು. ನಾಲ್ಕು ಜನರಲ್ಲಿ ಮರ್ಯಾದೆ ಇಟ್ಟುಕೊಂಡು ಬಾಳಬೇಕಾದವಳು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಅಮಾತೆಪ್ಪ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಗಿರಣಿಯ ಅಮಾತೆಪ್ಪ, ಇನ್ನೊಬ್ಬ ಕಿವುಡ ಅಮಾತೆಪ್ಪ. ನಮ್ಮಪ್ಪ ಕೂಡ್ರಿಸುವ ಅಮಾತೆಪ್ಪ. ಉದ್ಯೋಗಕ್ಕೆ ನೇಕಾರ. ಮನೆಯ ನಡುಕೋಣೆಯಲ್ಲಿ ನೆಲಕ್ಕೆ ತೆಗ್ಗು ತೋಡಿ ಹೂಡಿದ ಕುಣಿಮಗ್ಗ, ತೆಗ್ಗಿನ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಸೀರೆ ನೇಯುತ್ತಿದ್ದ. ಆದರೆ ಯಾರದಾದರೂ ಮನೆಯಲ್ಲಿ ಜೀವ ಹೋಯಿತೆಂದರೆ ಲಾಳಿ ಅಲ್ಲಿಗೇ ಬಿಟ್ಟು ಏಳುತ್ತಿದ್ದ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಪದ್ಮಾಸನದಲ್ಲಿ ಕೂಡ್ರಿಸುತ್ತೇವೆ. ಅಂಗೈಯಲ್ಲಿ ಇಷ್ಟಲಿಂಗ ಇಡುತ್ತೇವೆ. ಕುಣಿಯಲ್ಲೂ ಹಾಗೇ ಕೂಡ್ರಿಸಿ ಮಣ್ಣು ಕೊಡುತ್ತೇವೆ. ಉಸಿರು ನಿಂತ ಕೂಡಲೇ ಕೂಡ್ರಿಸಿದರೆ ಸಲೀಸು. ತಡವಾದರೆ ಮೈ ಸೆಟೆದು ಹಲಗೆಯಾಗುತ್ತದೆ. ಆಗ ಬೇಕಾಗುತ್ತಿದ್ದವನು ನಮ್ಮಪ್ಪ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಬಾಗಿಲು ತೆರೆದಾಗ ಸತ್ತವರು ಗೋಡೆಗೆ ಒರಗಿ ಪೂಜೆಗೆ ಕೂತವರ ಹಾಗೆ ಕೂತಿರುತ್ತಿದ್ದರು. ಮನೆಯವರು ಅದನ್ನು ನೋಡಿ ಅಳುವುದನ್ನೇ ಮರೆಯುತ್ತಿದ್ದರು.

ತನ್ನ ಸಾವು ಹೇಗಿರಬೇಕೆಂಬುದು ಅಪ್ಪನಿಗೆ ಬಾಯಿಪಾಠವಾಗಿತ್ತು. ಊಟಕ್ಕೆ ಏನು ಬೇಕೆಂದು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದ. ಮುಂಜಾನೆ ಆಗಬೇಕು. ಜಳಕ ಆಗಿರಬೇಕು. ಕಂಬಕ್ಕೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಲಿಂಗಪೂಜೆಗೆ ಕೂತಿರಬೇಕು, ಹಾಗೇ ಕತ್ತು ವಾಲಬೇಕು. "ನನ್ನ ಯಾರೂ ಕೂಡ್ರಸಬಾರದು. ನಾನ ಕುಂತಿರಬೇಕು" ಎನ್ನುತ್ತಿದ್ದ.

ಅವನ ಜೀವದ ಗೆಳೆಯ ಖಾಸಿಂಸಾಬ ರೇಷ್ಮೆಗೆ ಬಣ್ಣ ಹಾಕುವವನು. ಅವನದೂ ಒಂದು ಪಾಠವಿತ್ತು. ಶುಕ್ರವಾರವೇ ಆಗಬೇಕು, ದೊಡ್ಡ ನಮಾಜಿಗೆ ಕೂಡಿದ ಜನವೆಲ್ಲ ಹಾಗೇ ತನ್ನ ಜನಾಜಾಕ್ಕೂ ಬರಬೇಕು. ಹಜ್‌ಗೆ ಹೋದ ನೆಂಟನ ಕೈಯಲ್ಲಿ ತನ್ನ ಹೆಣಕ್ಕೆ ಸುತ್ತಲು ಝಮ್‌ಝಮ್ ನೀರಲ್ಲಿ ಅದ್ದಿದ ಬಿಳಿ ಬಟ್ಟೆ ತರಿಸಿ ಟ್ರಂಕಿನಲ್ಲಿಟ್ಟಿದ್ದ. ಇಬ್ಬರೂ ಸಂಜೆ ಕಟ್ಟೆಗೆ ಕೂತು ತಮ್ಮ ತಮ್ಮ ಸಾವಿನ ಮಾತನ್ನು, ಬೇರೆಯವರು ಮಕ್ಕಳ ಮದುವೆಯ ಮಾತು ಆಡಿದಂತೆ ಆಡುತ್ತಿದ್ದರು. ನಾನು ಚಹಾ ತಂದು ಅವರ ಮುಂದೆ ಬಡಿದಿಟ್ಟು ಹೋಗುತ್ತಿದ್ದೆ.

ನಮ್ಮವ್ವ ಗುರುಲಿಂಗವ್ವ ತೀರಿಕೊಂಡದ್ದು ೧೯೭೧ರಲ್ಲಿ. ಹೊಟ್ಟೆ ಬಾತಿತ್ತು. ಅಪ್ಪ ಮನೆಯಲ್ಲೇ ಇರಲಿ ಎಂದ. ನನ್ನ ತಮ್ಮ ಹೊಳಬಸಪ್ಪ ಆಗಲೇ ಬಾಗಲಕೋಟೆಯಲ್ಲಿ ಹತ್ತಿ ಅಂಗಡಿಯ ಗುಮಾಸ್ತ. ಅವನು ಬಂದು ಅಪ್ಪನ ಜೊತೆ ಜಗಳ ಮಾಡಿ, ಅವ್ವನನ್ನು ಎತ್ತಿಕೊಂಡೇ ಹೋಗಿ ಅಲ್ಲಿಯ ದವಾಖಾನೆಗೆ ಸೇರಿಸಿದ. ನಾಲ್ಕನೆಯ ದಿನ ನಸುಕಿನಲ್ಲಿ ಅವ್ವ ಹೋದಳು. ಹೆಣ ಹಾಕಿಕೊಳ್ಳಲು ಯಾವ ಗಾಡಿಯವರೂ ಒಪ್ಪದೆ, ಕಡೆಗೆ ಅಂಗಡಿಯ ಹತ್ತಿ ಲಾರಿಯಲ್ಲಿ ಅರಳೆ ಚೀಲಗಳ ನಡುವೆ ಮಲಗಿಸಿಕೊಂಡು ಹುನಗುಂದದ ಮೇಲಿಂದ ಇಳಕಲ್ಲಿಗೆ ತಂದಾಗ ದೀಪ ಹಚ್ಚುವ ಹೊತ್ತು. ಹೊಳಬಸಪ್ಪ ಲಾರಿಯಿಂದ ಇಳಿದವನೇ ಅಪ್ಪನ ಕಾಲಿಗೆ ಬಿದ್ದ. "ನಾನ ಒಯ್ದು ಕೊಂದೆ" ಎಂದು ಹಣೆ ಚಚ್ಚಿಕೊಂಡ.

ಅಪ್ಪ ಅವ್ವನನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡ. ಜೊತೆಗೆ ಯಾರನ್ನೂ ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದಲೇ, "ಭಜನಿಯವರು ಯಾಕ ಸಣ್ಣ ದನಿ ತಗದೀರಿ? ಜೋರಾಗಿ ಹಾಡ್ರಿ!" ಎಂದು ಕೂಗಿದ. ಹೆಂಡತಿಯ ಮೇಲಿನ ಪ್ರೀತಿ ನೋಡು ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಬಾಗಿಲು ತೆರೆದಾಗ ಅವ್ವ ಕೂತಿದ್ದಳು. ಅಪ್ಪ ಬೆವೆತುಹೋಗಿದ್ದ. ಹೊಳಬಸಪ್ಪನ ಹೆಗಲ ಮೇಲೆ ಕೈಯಿಟ್ಟು, "ಅಳಬ್ಯಾಡೋ. ನಾ ಕಾಲ ಮುಟ್ಟಲಿಲ್ಲ. ಮದಲಗಿತ್ತಿ ಹಸಿಮಣಿ ಮ್ಯಾಲ ಕುಂತಂಗ ನಿಮ್ಮವ್ವ ತಾನ ಕುಂತ್ಲು. ಸಿಟ್ಟಿದ್ರ ಕುಂದರತಿದ್ಲೇನು?" ಎಂದ.

ಆ ಒಂದು ಮಾತಿನ ಮೇಲೆ ನನ್ನ ತಮ್ಮ ಹನ್ನೊಂದು ವರ್ಷ ಬದುಕಿದ. ಇಳಕಲ್ಲಿಗೆ ಬಂದಾಗಲೆಲ್ಲ ಊಟವಾದ ಮೇಲೆ, "ಯಪ್ಪಾ, ಅವ್ವ ಹ್ಯಾಂಗ ಕುಂತ್ಲು ಹೇಳು" ಎಂದು ಕೇಳುತ್ತಿದ್ದ. ಅಪ್ಪ ಹೇಳುತ್ತಿದ್ದ. ತನಗೆ ಮಗಳು ಹುಟ್ಟಿದಾಗ ಹೊಳಬಸಪ್ಪ ಅವಳಿಗೆ ಗುರುಲಿಂಗವ್ವ ಎಂದೇ ಹೆಸರಿಟ್ಟ.

ಅವ್ವ ಹೋಗುವ ಹೊತ್ತಿಗೆ ನಾನು ಗಂಡನನ್ನು ಕಳಕೊಂಡು ತವರಿಗೆ ಬಂದು ಮೂರು ವರ್ಷವಾಗಿತ್ತು. ಸಾಲಿ ನೌಕರಿ ಇತ್ತು. ಅಪ್ಪ, ನಾನು, ಮಗ್ಗ. ಹೇಗೋ ನಡೆದಿತ್ತು.

ಕೇಡು ಬಂದದ್ದು ೧೯೭೯ರ ಮಳೆಗಾಲದಲ್ಲಿ. ಕೂಡ್ರಿಸುವವನ ಕೆಲಸ ಮನೆಯಲ್ಲೇ ಮುಗಿಯುವುದಿಲ್ಲ. ಅವನೂ ಕುಣಿಗೆ ಇಳಿದು, ಅದರ ಬದಿಯಲ್ಲಿ ತೋಡಿದ ಗೂಡಿನಲ್ಲಿ ಹೆಣವನ್ನು ಸರಿಯಾಗಿ ಕೂಡ್ರಿಸಿ ಮೇಲೆ ಬರಬೇಕು. ಅವತ್ತು ಯಾರನ್ನೋ ಕೂಡ್ರಿಸಿ ಮೇಲೆ ಹತ್ತುವಾಗ ಹಸಿ ಮಣ್ಣು ಕುಸಿಯಿತು. ಅಪ್ಪ ಜಾರಿ, ಬಲ ಮೊಣಕಾಲೂರಿ ಕುಣಿಯ ತಳದ ಕಲ್ಲಿನ ಮೇಲೆ ಬಿದ್ದ. ಕುಣಿ ತೋಡುವ ಹುಲ್ಲಪ್ಪ ಬಗಲಿಗೆ ಕೈಹಾಕಿ ಎಳೆದು ಹಾಕಿದ. ಮೊಣಕಾಲಿನ ಚಿಪ್ಪು ಒಡೆದಿತ್ತು.

ಊರಿನ ಡಾಕ್ಟರರು ನೋಡಿ, ಇವತ್ತೇ ಬಾಗಲಕೋಟೆಗೆ ಒಯ್ಯಿರಿ, ಅಲ್ಲಿ ಸರಿಮಾಡುತ್ತಾರೆ ಎಂದರು. ಅಪ್ಪ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ದವಾಖಾನಿ ಅನಬ್ಯಾಡ. ನಾ ಬರೂದಿಲ್ಲ."

"ಕಾಲ ಹೋಕ್ಕೈತೆಪಾ."

"ಕಾಲ ಹೋಗಲಿ. ಅಲ್ಲಿ ಕಾಟಿನ ಮ್ಯಾಲ ಮಲಗೇ ಸತ್ರ? ಮತ್ತ ಲಾರ್‍ಯಾಗ ಮಲಗಿಸಿ ತರತೀರಿ. ಹನ್ನೆರಡು ತಾಸು. ನಾ ಒಲ್ಲೆ."

ನಾನು ಬೈದೆ, ಅತ್ತೆ, ಎರಡು ದಿನ ಉಪವಾಸ ಕೂತೆ. ಜಗ್ಗಲಿಲ್ಲ. ಹುನಗುಂದದ ಆಚೆಯ ಒಂದು ಹಳ್ಳಿಯಲ್ಲಿ ಎಲುಬು ಕಟ್ಟುವವನೊಬ್ಬ ಇದ್ದ. ಚಕ್ಕಡಿಯಲ್ಲಿ ಅಲ್ಲಿಗೆ ಹೋದ. ಅವನು ತತ್ತಿಯ ಲೋಳೆ ಹಚ್ಚಲು ಬಂದರೆ, "ಅದ ಮೈಗೆ ಸೋಕಿಸಬ್ಯಾಡ, ಬರೇ ಗಿಡದ ತಪ್ಪಲದಾಗ ಕಟ್ಟು" ಎಂದನಂತೆ. ಕಾಲು ಮುರಿದವನಿಗೆ ಮಡಿಯ ಚಿಂತೆ! ಎಲುಬಿನವನು ಕಾಲನ್ನು ನೇರ ಮಾಡಿ ಬಿದಿರಿನ ದಬ್ಬೆ ಬಿಗಿದು, ನಾಲ್ಕು ತಿಂಗಳು ಅಲುಗಾಡಿಸಬೇಡ ಎಂದ. ಅಪ್ಪ ಒಂದು ದಿನ ಹೆಚ್ಚೇ ಇಟ್ಟುಕೊಂಡ. ಬಿಚ್ಚಿದಾಗ ಚಿಪ್ಪು ಕೂಡಿತ್ತು. ಮೊಣಕಾಲು ಮಾತ್ರ ಮಡಚಲಿಲ್ಲ.

ಒಂದೆರಡು ದಿನದ ಬಿಗಿ ಎಂದುಕೊಂಡೆವು. ವಾರವಾಯಿತು, ತಿಂಗಳಾಯಿತು. ತೊಡೆಯಿಂದ ಹಿಮ್ಮಡಿಯವರೆಗೆ ಒಂದೇ ಕೋಲು. ಅಪ್ಪ ತನ್ನ ಕಾಲನ್ನು ನೋಡುವ ರೀತಿ ನೋಡಿ ನನಗೆ ಭಯವಾಯಿತು. ಇಷ್ಟು ವರ್ಷ ಬೇರೆಯವರ ಮೊಣಕಾಲು ನೋಡಿ ಲೆಕ್ಕ ಹಾಕಿದವನು ಈಗ ತನ್ನದನ್ನೇ ಹಾಗೆ ನೋಡುತ್ತಿದ್ದ.

ಆಮೇಲಿನ ಎರಡೂವರೆ ವರ್ಷವನ್ನು ನಾನು ಹೇಗೆ ಹೇಳಲಿ? ದಿನಾ ಮುಂಜಾನೆ ಔಡಲೆಣ್ಣೆ ಕಾಯಿಸಿ ಮೊಣಕಾಲಿಗೆ ಸುರಿದುಕೊಳ್ಳುತ್ತಿದ್ದ. ಬಿಸಿ ಉಸುಕಿನ ಗಂಟಿನಿಂದ ಕಾವು ಕೊಟ್ಟುಕೊಂಡು ಚರ್ಮ ಸುಟ್ಟುಕೊಂಡ. ಕಟ್ಟೆಯ ಮೇಲೆ ಕೂತು, ಹಿಮ್ಮಡಿಗೆ ಹಗ್ಗದಿಂದ ಕಲ್ಲು ಕಟ್ಟಿ ಜೋತುಬಿಡುತ್ತಿದ್ದ. ಮೊದಲು ತೂಕದ ಕಲ್ಲು, ಆಮೇಲೆ ಒಳಕಲ್ಲಿನ ಗುಂಡು. ಬಾಯಲ್ಲಿ ಅರಿವೆ ಕಚ್ಚಿಕೊಂಡಿರುತ್ತಿದ್ದ. ಒಂದು ದಿನ ನಾನು ಸಾಲಿಯಿಂದ ಬಂದಾಗ ಆ ಗುಂಡು ಕಟ್ಟಿಕೊಂಡೇ ಎಚ್ಚರ ತಪ್ಪಿ ಬಿದ್ದಿದ್ದ. ಹಗ್ಗ ಬಿಚ್ಚುತ್ತ ನಾನು ಜೋರಾಗಿ ಅತ್ತುಬಿಟ್ಟೆ. ಕಣ್ಣು ತೆರೆದವನು ಕೇಳಿದ್ದು ಒಂದೇ ಮಾತು: "ಏನರ ಮಡಚೇತೇನವಾ?"

ಮಲಗುವುದನ್ನು ಪೂರಾ ಬಿಟ್ಟ. ಮಲಗಿದಾಗ ಜೀವ ಹೋದರೆ ಸೊಂಟವೂ ಸೆಟೆಯುತ್ತದೆ, ಸೊಂಟವಾದರೂ ಉಳಿಯಲಿ ಎಂದು ರಾತ್ರಿಯೆಲ್ಲ ಕಂಬಕ್ಕೆ ಒರಗಿ ಕಾಲು ಚಾಚಿ ಕೂತೇ ನಿದ್ದೆ ಮಾಡುತ್ತಿದ್ದ. ಲಿಂಗಪೂಜೆಗೆ ಕೂತಾಗಲೂ ಆ ಕಾಲು ಮುಂದಕ್ಕೆ ಚಾಚಿಯೇ ಇರುತ್ತಿತ್ತು. ಅದರ ಮೇಲೆ ಟವೆಲ್ಲು ಹೊದಿಸಿಕೊಂಡು ಪೂಜೆ ಮಾಡುತ್ತಿದ್ದ. "ಶಿವನ ಮುಂದ ಕಾಲ ಚಾಚಿ ಕುಂತೇನಲ್ಲ" ಎಂದು ತಾನೇ ತನ್ನ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ.

ಖಾಸಿಂಸಾಬ ನಗಿಸಲು ನೋಡುತ್ತಿದ್ದ. "ಲೇ ಅಮಾತ್ಯಾ, ನಮ್ಮ ಕಡಿ ಬಂದಬಿಡು. ಉದ್ದಕ ಮಲಗಸ್ತೇವಿ. ಕಾಲ ಮಡಚತೈತೋ ಇಲ್ಲೋ ಯಾರೂ ಕೇಳೂದಿಲ್ಲ."

ಅಪ್ಪ ನಗಲಿಲ್ಲ. ತನ್ನ ಚಾಚಿದ ಕಾಲು ನೋಡುತ್ತ ಕೇಳಿದ. "ಮಲಗಿದವರಿಗೆ ಮಣ್ಣ ಎದಿ ಮ್ಯಾಲ ಭಾರ ಆಗೂದಿಲ್ಲೇನೋ ಖಾಸಿಂ?"

ಖಾಸಿಂಸಾಬನ ಬಣ್ಣ ಹತ್ತಿದ ಕೈ ಚಹಾದ ಬಸಿಯ ಮೇಲೇ ನಿಂತಿತು. "ಜಲ್ಮಪೂರ್ತಿ ಕುಂತು ದುಡದಿರತೇವಲ್ಲೋ. ಮಲಗಿದ್ರ ಸಾಕನಸತೈತಿ" ಎಂದ. ಅವತ್ತು ಅವನು ಮತ್ತೆ ಚೇಷ್ಟೆ ಮಾಡಲಿಲ್ಲ.

ನನಗೆ ಕಡೆಗೆ ರೇಗಿಯೇ ಹೋಯಿತು. ಒಂದು ಮಧ್ಯಾಹ್ನ, ಸಾಲಿಗೆ ಸೂಟಿ, ಅಪ್ಪ ಮತ್ತೆ ಹಗ್ಗ ಕೇಳಿದ. ನಾನು ಹಗ್ಗವನ್ನು ಒಲೆಗೆ ಹಾಕಿದೆ. "ಸತ್ತ ಮ್ಯಾಲ ಕಾಲ ಮಡಚಿದ್ರೇನು, ಮುರದ್ರೇನು? ಸತ್ತವರಿಗೆ ನೋವಾಗೂದಿಲ್ಲ ಅಂತ ಊರಿಗೆಲ್ಲಾ ನೀನ ಹೇಳತಿದ್ದೆಲ್ಲ?" ಎಂದು ಕೂಗಾಡಿದೆ.

ಅಪ್ಪ ನನ್ನನ್ನೇ ನೋಡಿದ. "ಬಾಗಲಾ ಮುಂದಕ ಮಾಡಿ ಬಾರವಾ ಶಿವಲಿಂಗಿ" ಎಂದ. ಬಾಗಿಲು ಹಾಕಿ ಬಂದು ಎದುರಿಗೆ ಕೂತೆ.

"ನಿಮ್ಮವ್ವ ತಾನಾಗಿ ಕುಂದರಲಿಲ್ಲ" ಎಂದ.

ನನಗೆ ಮೊದಲು ಏನೂ ತಿಳಿಯಲಿಲ್ಲ.

"ಬಿಸಿನೀರಿನ ಅರಿಬಿ ಹಾಕಿದೆ. ಎಣ್ಣಿ ತಿಕ್ಕಿದೆ. ಒಂದ ತಾಸ ತಿಕ್ಕಿರಬೇಕು. ಹೊರಗ ಹೊತ್ತಾತು ಹೊತ್ತಾತು ಅಂತಿದ್ರು. ಮಡಚಲಿಲ್ಲ ತಾಯಿ. ನಾನ ಮುರದೆ. ಎಡಗಾಲ ಮೊದಲ. ಸಪ್ಪಳಾತು. ಹೊರಗಿನವರಿಗೆ ಕೇಳಬಾರದಂತ ಜೋರಾಗಿ ಹಾಡ್ರಿ ಅಂತ ಕೂಗಿ ಹೇಳಿದೆ. ಆಮ್ಯಾಲ ಬಲಗಾಲು."

ಅವನ ಕೈಗಳು ಮಡಿಲಲ್ಲಿದ್ದವು. ನಾನು ಆ ಕೈಗಳನ್ನು ನೋಡಿದೆ, ಆಮೇಲೆ ನೋಡಲಾಗಲಿಲ್ಲ.

"ಸತ್ತವರಿಗೆ ನೋವಾಗೂದಿಲ್ಲ ಅಂತ ಹೌದು, ನಾನ ಹೇಳತಿದ್ದೆ. ಅಕಿ ಕಾಲ ಮುರದ ದಿನದಿಂದ ನನಗ ಆ ಮಾತಿನ ಮ್ಯಾಲ ನಂಬಿಗಿ ಇಲ್ಲ. ಮುರದಾಗ ಅಕಿ ಮಾರಿ ನಾ ನೋಡಿದ್ದೆ. ಯಾರೂ ನನ್ನ ಕಾಲ ಮುಟ್ಟದಂಗ ನೋಡಿಕೋ. ನಾ ಕೈಮುಗೀತೇನಿ."

ತಂದೆ ಮಗಳಿಗೆ ಕೈಮುಗಿಯುವುದನ್ನು ಯಾರೂ ನೋಡಬಾರದು. ನಾನು ಅವನ ಕೈ ಹಿಡಿದು ಕೆಳಗಿಳಿಸಿ, ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಕೊರಳಿನ ಲಿಂಗ ತೆಗೆದು ನನ್ನ ಮುಂದೆ ಹಿಡಿದ. "ಇನ್ನೊಂದು. ಹೊಳಬಸಪ್ಪಗ ಇದು ಗೊತ್ತಾಗಬಾರದು. ಅವ್ವನ್ನ ಒಯ್ದಾಂವ ಅಂವ. ತಿಳದ್ರ ಅಂವ ಉಳಿಯಂಗಿಲ್ಲ. ಮುಟ್ಟಿ ಹೇಳು." ಮುಟ್ಟಿ ಹೇಳಿದೆ. ಎರಡು ಮಾತು ಒಂದಕ್ಕೊಂದು ಅಡ್ಡ ಬಂದಾವು ಎಂದು ನನಗಾಗಲಿ ಅವನಿಗಾಗಲಿ ಹೊಳೆಯಲಿಲ್ಲ.

ಅವತ್ತಿನಿಂದ ನಾನು ಅವನ ಪಕ್ಷ. ಆದರೆ ಮಾಡುವುದೇನು? ಕಾಲು ಚಾಚಿಸಿ ಕೂಡ್ರಿಸಲು ಬರುವಂತಿಲ್ಲ. ಸಮಾಧಿಯ ಹೊತ್ತಿಗೆ ಎದುರಿಗೆ ಅಯ್ಯನವರು, ಅಂದರೆ ನಮ್ಮ ಗುರುಗಳು, ಮಂತ್ರ ಹೇಳುತ್ತ ನಿಂತಿರುತ್ತಾರೆ. ಗುರುವಿನ ಕಡೆ ಕಾಲು ಮಾಡಿ ಹೋದವನಿಗೆ ಏನು ಗತಿ? ಅಪ್ಪನಿಗೇ ಅದು ಒಪ್ಪಿಗೆ ಇರಲಿಲ್ಲ.

ದಾರಿ ತೋರಿಸಿದ್ದು ಮಗ್ಗ. ಬಿದ್ದಾಗಿನಿಂದ ಅಪ್ಪ ಅದರ ಹತ್ತಿರ ಸುಳಿದಿರಲಿಲ್ಲ. ಒಂದು ದಿನ ಏನು ಮನಸ್ಸು ಬಂತೋ, ತೆವಳಿಕೊಂಡು ಹೋಗಿ ತೆಗ್ಗಿನ ಅಂಚಿಗೆ ಕೂತ. ಎಡಗಾಲು ಮಡಚಿಟ್ಟುಕೊಂಡ. ಸೆಟೆದ ಬಲಗಾಲು ತೆಗ್ಗಿನೊಳಕ್ಕೆ ಓರೆಯಾಗಿ ಇಳಿಯಿತು. "ಶಿವಲಿಂಗೀ!" ಎಂದು ಅವನು ಕೂಗಿದ ದನಿಗೆ ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ.

"ನೋಡಿಲ್ಲೆ. ನಾ ಕುಂತೇನಿ! ಕಾಲ ಕೆಳಗ ಐತಿ. ಯಾರ ಮುಂದೂ ಚಾಚಿಲ್ಲ."

ಹುಲ್ಲಪ್ಪನನ್ನು ಕರೆಸಿದೆವು. ಅವನು ಮಗ್ಗದ ತೆಗ್ಗನ್ನು ಸುತ್ತಲಿಂದ ನೋಡಿ, ಒಳಗಿಳಿದು, ಅಳತೆಗೆಂದು ಒಂದು ಸೆಳಕಿಗೆ, ತೆಳ್ಳನೆಯ ಕೋಲಿಗೆ, ಕುಡುಗೋಲಿನಿಂದ ಗುರುತು ಮಾಡಿಕೊಂಡ. ಗೂಡಿನ ಮುಂದೆ ಇಷ್ಟು ಅಗಲ, ಇಷ್ಟು ಆಳ ಒಂದು ಕಾಲುಗುಂಡಿ. "ಆಗತೈತಿ ಕಾಕಾ. ನೀವು ಎಷ್ಟು ಮಂದಿಗೆ ನನ್ನ ಕುಣ್ಯಾಗ ಇಳದೀರಿ. ನಿಮಗೊಂದ ಮಾಡಾಕ ಆಗೂದಿಲ್ಲೇನು" ಎಂದ. ಅಯ್ಯನವರಾದ ರಾಚಯ್ಯನವರಿಗೂ ಕೇಳಿದೆವು. ಅವರು ಮೆದು ಮನುಷ್ಯ. "ಶಿವ ಕಾಲ ನೋಡೂದಿಲ್ಲ, ಕೈಯಾಗಿನ ಲಿಂಗ ನೋಡ್ತಾನ. ಆದ್ರ ನನ್ನೊಬ್ಬನ ಮಾತಲ್ಲ ಇದು. ನಿನ್ನ ಮಗ ಒಪ್ಪಬೇಕು, ಸಮಾಜದ ದೈವದವರು ಒಪ್ಪಬೇಕು" ಎಂದರು. ಅಪ್ಪ ಮೊದಲರ್ಧ ಮಾತು ಮಾತ್ರ ಕೇಳಿಸಿಕೊಂಡ. ಆ ಸೆಳಕನ್ನು ಕಂಬದ ಹಿಂದೆ ಜೋಪಾನವಾಗಿಟ್ಟ. ನಾಲ್ಕು ತಿಂಗಳು ಅದನ್ನು ಆಗಾಗ ಮುಟ್ಟಿ ನೋಡುತ್ತ ಇದ್ದ. ಆ ನಾಲ್ಕು ತಿಂಗಳು ಅನ್ನ ಸೇರಿತು.

ಅವನು ಹೋದದ್ದು ೧೯೮೨ರ ಕಾರ್ತಿಕದಲ್ಲಿ. ಅವನು ಬಯಸಿದಂತೆ ಮುಂಜಾನೆ, ಜಳಕವಾಗಿ, ಕಂಬಕ್ಕೆ ಬೆನ್ನು ಕೊಟ್ಟು, ಎಡ ಅಂಗೈಯಲ್ಲಿ ಲಿಂಗ. ಕಾಲಿನ ಮೇಲೆ ಟವೆಲ್ಲು. ನಾನು ನೈವೇದ್ಯಕ್ಕೆ ಹಾಲು ತಂದಿಟ್ಟು ಕರೆದಾಗ ಕತ್ತು ವಾಲಿತ್ತು. ಅಳುವ ಮೊದಲು ನಾನು ಮಾಡಿದ್ದೆಂದರೆ, ಕಂಬದ ಹಿಂದಿನ ಸೆಳಕು ತೆಗೆದುಕೊಂಡು ಹುಲ್ಲಪ್ಪನ ಮನೆಗೆ ಓಡಿದ್ದು. ಖಾಸಿಂಸಾಬ ಪೋಸ್ಟಾಫೀಸಿಗೆ ಹೋಗಿ ಬಾಗಲಕೋಟೆಯ ಹತ್ತಿ ಅಂಗಡಿಗೆ ಟ್ರಂಕ್ ಕಾಲ್ ಹಚ್ಚಿದ.

ಮಧ್ಯಾಹ್ನ ಮೂರರ ಬಸ್ಸಿಗೆ ಹೊಳಬಸಪ್ಪ ಬಂದಾಗ ಅಂಗಳದ ತುಂಬ ಜನ. ಹೆಣ ಕೂಡ್ರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ, ಚೆಂಡುಹೂ ಕಟ್ಟಿ ನಿಲ್ಲಿಸಿದ್ದರು. ಅವನು ಅಪ್ಪನ ಮುಖ ನೋಡಿ ಅತ್ತ, ಆಮೇಲೆ ಕಾಲು ನೋಡಿದ. ದೈವದ ಹಿರಿಯರಿಬ್ಬರು ಅವನನ್ನು ಬದಿಗೆ ಕರೆದು ಮಾತಾಡಿದರು. ನಾನು ಹೋಗಿ, ತನ್ನ ಕಾಲು ಯಾರೂ ಮುಟ್ಟಬಾರದೆಂದು ಅಪ್ಪ ಹೇಳಿದ್ದನ್ನು, ಹುಲ್ಲಪ್ಪ ತೋಡಿದ್ದನ್ನು ಹೇಳಿದೆ.

"ಅಕ್ಕಾ, ನಿನಗೇನ ತಲಿ ಕೆಟ್ಟೈತೇನು? ಇಡೀ ಊರ ಕೂಡ್ರಿಸಿದಾಂವ ಅಪ್ಪ. ವಿಮಾನದಾಗ ಕಾಲ ಚಾಚಿಕೊಂಡು ಪ್ಯಾಟಿಯಾಗ ಹಾದು ಹೋಗಬೇಕೇನು? ಮಂದಿ ಏನಂತಾರ?"

"ಮಂದಿ ಏನರ ಅನ್ನಲಿ. ನಾ ಮಾತ ಕೊಟ್ಟೇನಿ."

"ವಯಸ್ಸಾದವರು ಏನೇನೋ ಅಂತಾರ. ಮುರದ್ರ ಈಗ ನೋವಾಗತೈತೇನು? ಅವ್ವನಂಗ ಅಪ್ಪನೂ ಚಂದಾಗಿ ಕುಂತು ಹೋಗಲಿ." ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಅವನು. ಪ್ರೀತಿಯಿಂದಲೇ ಹೇಳಿದ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಕೂಡ್ರಿಸುವಾಗ ಹೆಣ್ಣುಮಕ್ಕಳು ಒಳಗಿರಬಾರದೆಂಬುದು ರೂಢಿ. ನನ್ನನ್ನು ಹೊರಗೆ ಕಳಿಸಿ, ಹಿರಿಯರಿಬ್ಬರ ಜೊತೆ ಹೊಳಬಸಪ್ಪ ಬಾಗಿಲು ಹಾಕಿಕೊಂಡ. ನಾನು ರಾಚಯ್ಯನವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿದರು. ಖಾಸಿಂಸಾಬ ಬೇಲಿಯ ಆಚೆ ನಿಂತು ಕಣ್ಣು ಮುಚ್ಚಿಕೊಂಡಿದ್ದ. ಬೇರೆ ಜಾತಿಯವನು, ಬಾಯಿ ತೆರೆಯುವಂತಿರಲಿಲ್ಲ. ಬಾಗಿಲ ಮುಂದೆ ನಿಂತು ನಾನು ಆ ಗಳಿಗೆಯಲ್ಲಿ ಏನು ವಿಚಾರ ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದುಬಿಡು ಎಂದುಕೊಂಡೆ. ಅಪ್ಪ ಹೋಗಿದ್ದಾನೆ, ತಮ್ಮ ಇರಬೇಕಾದವನು. ಲಿಂಗ ಮುಟ್ಟಿ ಆಣೆ ಮಾಡಿದ್ದೀಯ, ಸುಮ್ಮನಿರು.

ಆಗ ಒಳಗಿನಿಂದ ಹೊಳಬಸಪ್ಪನ ದನಿ ಬಂತು. "ಭಜನಿಯವರು ಜೋರಾಗಿ ಹಾಡ್ರಿ!"

ನಾನು ಬಾಗಿಲು ದಬ್ಬಿಕೊಂಡು ಒಳಗೆ ಹೋದೆ. ಒಬ್ಬ ಹಿರಿಯರು ಅಪ್ಪನ ತೊಡೆ ಅದುಮಿ ಹಿಡಿದಿದ್ದರು. ಹೊಳಬಸಪ್ಪ ಹಿಮ್ಮಡಿ ಹಿಡಿದಿದ್ದ. ಟವೆಲ್ಲು ನೆಲದ ಮೇಲೆ ಬಿದ್ದಿತ್ತು.

"ಕೈ ತಗಿಯೋ" ಎಂದೆ. "ಅವ್ವ ತಾನಾಗಿ ಕುಂದರಲಿಲ್ಲ. ಅಪ್ಪ ಅಕಿ ಕಾಲ ಮುರದ. ನಿನ್ನಂಗ ಹಿಡದು ಮುರದ. ಸಪ್ಪಳ ಕೇಳಬಾರದಂತ ಭಜನಿ ಜೋರ ಮಾಡಸಿದ. ನಿನಗ ಸುಳ್ಳ ಹೇಳಿದ. ಹನ್ನೊಂದು ವರ್ಷ ಸುಳ್ಳ ಹೇಳಿದ, ನೀ ಬದಕಲಿ ಅಂತ."

ಹೊರಗೆ ಜೋರಾಗಿ ಹಾಡುತ್ತಿದ್ದರು. ನನ್ನ ತಮ್ಮ ಹಿಮ್ಮಡಿ ಬಿಟ್ಟ. ಬಿಟ್ಟ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತ. ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಅಳಲಿಲ್ಲ. ಅತ್ತಿದ್ದರೆ ನಾನು ಅವನನ್ನು ಹಿಡಿದುಕೊಳ್ಳುತ್ತಿದ್ದೆ. ಹಿರಿಯರಿಬ್ಬರೂ ಎದ್ದು ಹೊರಗೆ ಹೋದರು. ಅವರಲ್ಲೊಬ್ಬರು ಮಣ್ಣು ಕೊಡಲೂ ನಿಲ್ಲದೆ ಮನೆಗೆ ನಡೆದರು.

ಅಪ್ಪ ವಿಮಾನದಲ್ಲಿ ಕಾಲು ಚಾಚಿಯೇ ಹೋದ. ನಾನು ನನ್ನ ಇಳಕಲ್ಲ ಸೀರೆಯನ್ನೇ ಕಾಲಿನ ಮೇಲೆ ಹೊದಿಸಿದ್ದೆ, ಅವನೇ ನೇಯ್ದದ್ದು. ಪೇಟೆಯಲ್ಲಿ ಮಂದಿ ನೋಡಿದರು, ಅನ್ನುವುದನ್ನು ಅಂದರು. ಹುಲ್ಲಪ್ಪ ತೋಡಿದ ಕುಣಿಗೆ ಅವನನ್ನು ಇಳಿಸಿದಾಗ ಸೊಂಟ ಗೂಡಿನಲ್ಲಿ ಕೂತಿತು, ಕಾಲು ಮುಂದಿನ ಗುಂಡಿಗೆ ಓರೆಯಾಗಿ ಇಳಿಯಿತು. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಗ್ಗಕ್ಕೆ ಕೂತ ಹಾಗೇ ಕಂಡ. ವಿಭೂತಿ, ಬಿಲ್ವಪತ್ರಿ, ಆಮೇಲೆ ಮಣ್ಣು. ಕೊಟ್ಟ ಮಾತು ಉಳಿಸಿದೆ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊಳಬಸಪ್ಪ ಕುಣಿಯ ಕಡೆ ಬೆನ್ನು ಮಾಡಿ, ಪಕ್ಕದಲ್ಲೇ ಇದ್ದ ಅವ್ವನ ಗದ್ದುಗೆಯನ್ನು ನೋಡುತ್ತ ನಿಂತಿದ್ದ.

ಮರುದಿನ ಬೆಳಿಗ್ಗೆಯೇ ಹೊರಟ. ಅಂಗಡಿಯಲ್ಲಿ ಕೆಲಸವಿದೆ ಎಂದ. ಬಸ್‌ಸ್ಟ್ಯಾಂಡಿನ ತನಕ ನಾನೂ ಹೋದೆ. ಬಾಗಲಕೋಟೆ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗುತ್ತಿದ್ದ. ಮೆಟ್ಟಿಲ ಮೇಲೆ ಕಾಲಿಟ್ಟವನು ಇಳಿದು ತಿರುಗಿ ಬಂದ.

"ಅಕ್ಕಾ, ಅವ್ವಂದು ಒಂದ ಕಾಲೋ, ಎರಡೂನೋ?"

"ಒಂದ" ಎಂದೆ.

"ಖರೇ ಹೇಳು."

"ಖರೇ. ಎಡಗಾಲು ಅಷ್ಟ. ಬಲಗಾಲ ತಾನ ಮಡಚಿಕೊಂಡಳಂತ."

ತಲೆಯಾಡಿಸಿ ಬಸ್ಸು ಹತ್ತಿದ. ನನ್ನ ಕಡೆಯ ಕಿಟಕಿಗೇ ಕೂತ. ಬಸ್ಸು ಹುನಗುಂದದ ರಸ್ತೆಗೆ ತಿರುಗುವವರೆಗೂ ಅವನು ಹೊರಗೆ ನೋಡಲಿಲ್ಲ. ತನ್ನ ಮೊಣಕಾಲುಗಳ ಮೇಲೆ ಎರಡೂ ಕೈಯಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ.